ಐದು ಸಾಕು, ದೇಚು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಫ್ಯಾನ್ಸಿ ಅಂಗಡಿಯಲ್ಲಿ
ಇಪ್ಪತ್ನಾಲ್ಕರ ಸೆಟ್ಟು ಎದೆಗವಚಿಕೊಂಡು ನಿಂತಿದ್ದೀಯ,
ಗುಲಾಬಿ ರೆಕ್ಸಿನ್ ಚೀಲ, ಚಿನ್ನದ ಬಣ್ಣದ ಜಿಪ್ಪು.
ಕೆಳಗಿಡು, ದೇಚು.
ಅದರಲ್ಲಿ ಹತ್ತೊಂಬತ್ತು ನಿನ್ನ ಜೀವಮಾನದಲ್ಲಿ
ಬಣ್ಣ ಕಾಣುವುದಿಲ್ಲ.
ಐದು ಸಾಕು.

ಮೊದಲು ಕಣ್ಣು ಮುಚ್ಚು.
ಹೂಂ, ಇಲ್ಲೇ. ಅಂಗಡಿಯವನು ನಕ್ಕರೆ ನಗಲಿ.
ರೆಪ್ಪೆಯ ಮೇಲೆ ಎಳೆದುಕೊಂಡು ನೋಡು,
ಚುಚ್ಚಿದರೆ ಬೇಡ.
ಕೂದಲು ಹಿಡಿದು ಮೆಲ್ಲಗೆ ಜಗ್ಗು,
ಒಂದೆಳೆ ಬಂದರೆ ಕ್ಷಮಿಸಬಹುದು,
ಮೂರು ಬಂದರೆ ನಾಳೆ ಮದುಮಗಳ ತುಟಿಯ ಮೇಲೆ ಉದುರಿ
ಆಲ್ಬಂ ತುಂಬ ಮೀಸೆಯಾಗುತ್ತೆ.

ಇದನ್ನು ನನಗೆ ಕಲಿಸಿದ್ದು ಯಾವ ಪಾರ್ಲರೂ ಅಲ್ಲ,
ನಮ್ಮಪ್ಪ, ಬೋರ್ಡು ಬರೆಯುವ ಬಾಲನ್.
ಪೊನ್ನಂಪೇಟೆಯಿಂದ ತಿತಿಮತಿಯವರೆಗೆ
ರೇಷನ್ ಅಂಗಡಿ, ಕರಿಮೆಣಸಿನ ಸಾಹುಕಾರ, ಹಲ್ಲಿನ ಡಾಕ್ಟರು,
ಎಲ್ಲರ ಹೆಸರೂ ದಪ್ಪಗಾದದ್ದು ಅವನ ಕೈಯಲ್ಲೇ.
ಕುಂಚವನ್ನು ತುಟಿಗಿಟ್ಟು ತುದಿ ಚೂಪು ಮಾಡುತ್ತಿದ್ದ,
ಅಮ್ಮ ಬೈದರೆ ನೀಲಿ ಹಲ್ಲು ತೋರಿಸುತ್ತಿದ್ದ.
ಫ್ಲೆಕ್ಸು ಬಂತು. ಕೆಲಸ ಹೋಯಿತು.
ಕುಂಚ ತೊಳೆಯುವುದು ಮಾತ್ರ ನಿಲ್ಲಲಿಲ್ಲ,
ವಾರವಿಡೀ ಮುಟ್ಟದೇ ಇದ್ದದ್ದನ್ನೂ.

ಸರಿ, ನೋಡು. ದೊಡ್ಡದು ಪೌಡರಿಗೆ,
ಬೆದರಿದ ಅಳಿಲಿನ ಬಾಲದ ಹಾಗಿರಬೇಕು.
ಅದ್ದು, ಡಬ್ಬಿಯ ಅಂಚಿಗೆ ತಟ್ಟು,
ಬೀಡಿಯ ಬೂದಿ ಉದುರಿಸುವಷ್ಟು.
ತಟ್ಟದೆ ಮುಖಕ್ಕೊಯ್ದೆಯೋ
ಅಕ್ಕಿಹಿಟ್ಟಿಗೆ ಬಿದ್ದ ಬೆಕ್ಕು.

ಒತ್ತೊತ್ತು ಕೂದಲಿನದು, ತಲೆ ಚಪ್ಪಟೆ, ಫೌಂಡೇಶನ್ನಿಗೆ.
ಬಳಿಯಬೇಡ. ಬಳಿಯುವುದು ಕಾಂಪೌಂಡ್ ಗೋಡೆಗೆ.
ಒತ್ತು, ಎತ್ತು, ಒತ್ತು, ಎತ್ತು,
ದವಡೆ ದಾಟಿ ಕೆಳಗಿಳಿ,
ಮುಖ ಒಬ್ಬಳದು ಕತ್ತು ಇನ್ನೊಬ್ಬಳದು ಅನ್ನಿಸಬಾರದು.

ಓರೆಯಾಗಿ ಕತ್ತರಿಸಿದ್ದು ಕೆನ್ನೆಗೆ.
ಪುಟ್ಟ ಗುಂಡನೆಯದು ಕಣ್ಣಿಗೆ; ಕುಟ್ಟದ ಬಸ್ಸಿನ ವೈಪರ್ ಗೊತ್ತಲ್ಲ,
ಅತ್ತ ಇತ್ತ, ಅತ್ತ ಇತ್ತ, ಅವಸರವಿಲ್ಲ,
ಎರಡು ಬಣ್ಣದ ನಡುವಿನ ಗೆರೆ ಮಂಜಾಗುವ ತನಕ.
ಕೈ ಭಾರ ಅನ್ನಿಸಿದರೆ ಹಿಡಿಕೆಯ ಹಿಂತುದಿ ಹಿಡಿ.
ಅಪ್ಪ ಅದನ್ನೇ ಹೇಳುತ್ತಿದ್ದ:
ಹತ್ತಿರ ಹಿಡಿದರೆ ನೀನು ಬರೆಯುತ್ತೀಯ,
ದೂರ ಹಿಡಿದರೆ ಅದೇ ಬರೆಯುತ್ತೆ.

ಐದನೆಯದು, ಬೆಂಕಿಕಡ್ಡಿಯಷ್ಟು ತೆಳ್ಳಗಿನದು, ಕಲೆ ಮುಚ್ಚಲಿಕ್ಕೆ.
ಇದರ ಕಥೆ ಕೇಳು.

ನನ್ನ ಮೊದಲ ಮದುಮಗಳು ಬೊಳ್ಳಮ್ಮ, ಹಾಕಿಯಲ್ಲಿ ಗೋಲ್‌ಕೀಪರ್.
ಗದ್ದದ ಮೇಲೆ ಒಂದಂಗುಲದ ಗಾಯದ ಗುರುತು.
ಬೆಳಗಿನ ನಾಲ್ಕೂವರೆಗೆ ಕೂತವಳು
ಅರ್ಧ ಗಂಟೆ ಅದರ ಮೇಲೇ ದುಡಿದೆ,
ಚುಕ್ಕಿ ಚುಕ್ಕಿ, ಚುಕ್ಕಿ ಚುಕ್ಕಿ,
ಗಾಯ ಎಂಬುದು ಹುಟ್ಟಿಯೇ ಇರಲಿಲ್ಲ ಎಂಬಂತೆ.
ಕೆಂಪು ಸೀರೆಯ ನೆರಿಗೆ ಬೆನ್ನಿಗೆ ಬಂತು, ತಲೆಗೆ ವಸ್ತ್ರ ಬಂತು,
ಕನ್ನಡಿ ನೋಡಿದಳು,
‘ನನ್ನದು ಎಲ್ಲಿ?’ ಅಂದಳು.
ಹೆಬ್ಬೆರಳಿಗೆ ಎಂಜಲು ಹಚ್ಚಿ
ಒಂದೇ ಎಳೆತ.
ಅಮ್ಮತ್ತಿಯ ಮೈದಾನ, ಕೊನೆಯ ನಿಮಿಷ,
ಚೆಂಡು ಗದ್ದಕ್ಕೆ ಬಡಿದು ಹೊರಗೆ ಹೋಗಿತ್ತಂತೆ.
‘ಒಳಗೆ ಹೋಗಲಿಲ್ಲ, ಗೊತ್ತಾ?’ ಅಂದಳು ಎರಡು ಸಲ.
ಹೊರಗೆ ವಾಲಗ ಶುರುವಾಗಿತ್ತು,
ನಾನು ಗಾಯದ ಸುತ್ತ ಮತ್ತೆ ಮೊದಲಿನಿಂದ.

ಹಾಗಾಗಿ ಐದನೆಯದಕ್ಕೆ ಕೈ ಹಾಕುವ ಮೊದಲು ಕೇಳು.
ಬೇರೆ ನಾಲ್ಕಕ್ಕೆ ಕೇಳಬೇಕಿಲ್ಲ.

ತೊಳೆಯಲು ಉಗುರುಬೆಚ್ಚನೆ ನೀರು, ಎರಡು ಹನಿ ಶಾಂಪೂ,
ತಲೆ ಕೆಳಗೆ ಮಾಡಿ ತೊಳೆ.
ಒದ್ದೆಯದನ್ನು ಲೋಟದಲ್ಲಿ ನಿಲ್ಲಿಸಬೇಡ,
ನೀರು ಬುಡಕ್ಕಿಳಿದು ಅಂಟು ಬಿಡುತ್ತೆ.
ಮೇಜಿನ ಅಂಚಿಗೆ ಮಲಗಿಸು, ತಲೆ ಹೊರಗಿರಲಿ.
ಕಕ್ಕಡದಲ್ಲಿ ಮೂರು ದಿನಕ್ಕೂ ಒಣಗದು, ಬೂಷ್ಟು ಹಿಡಿಯುತ್ತೆ,
ಆಗ ಫ್ರಿಜ್ಜಿನ ಹಿಂದೆ ಇಡು, ಅಲ್ಲಿ ಬೆಚ್ಚಗಿರುತ್ತೆ.

ಏನಂತಾನೆ, ಬಿಡಿಬಿಡಿಯಾಗಿ ಮಾರುವುದಿಲ್ಲವಂತಾ?
ಮಾರುತ್ತಾನೆ, ಮಾರುತ್ತಾನೆ.
ತಲೆಯ ಮೇಲೆ ನೇತಾಡುತ್ತಿರುವ ಆ ಬೋರ್ಡಿದೆಯಲ್ಲ,
ಅದನ್ನು ಬರೆಸಿದ ದುಡ್ಡು
ಅಪ್ಪನಿಗೆ ಇನ್ನೂ ಕೊಟ್ಟಿಲ್ಲ.