ಇವತ್ತಿಗೆ ಮಾತ್ರ

ಬದಿಯಡ್ಕದಲ್ಲಿ ಆಧಾರ ಬರೆಯುವ
ಐತ್ತಪ್ಪ ಮಣಿಯಾಣಿಯವರ ಕೋಣೆ.
ಒಂದೇ ಪೆಟ್ಟಿಗೆಯೊಳಗೆ ಎರಡು ಸಂಸಾರ:
ಆಚೆ ಲಿನಕ್ಸ್, ಈಚೆ ವಿಂಡೋಸ್.
ಜಗಲಿ ಒಂದೇ, ಒಲೆ ಬೇರೆ.

ಹೆಬ್ಬೆಟ್ಟು ಒತ್ತುವ ಹಳೇ ಯಂತ್ರ ಆಚೆ ಮನೆಯಲ್ಲಿ
ಕರೆಯುವ ಮೊದಲೇ ಕಣ್ಣು ಬಿಡುತ್ತದೆ, ಹಸಿರು.
ಅಲ್ಲಿ ಆಧಾರದ ತಂತ್ರಾಂಶ ಓಡುವುದಿಲ್ಲ.
ಓಡುವ ಕಡೆ,
ಈ ಡ್ರೈವರ್‌ಗೆ ಸಹಿಯಿಲ್ಲ, ಎಂದು ಕದ ಹಾಕುತ್ತದೆ.

"ಸರಿಯೇ ಅಲ್ಲವೋ ಮಾರಾಯ,
ನಲವತ್ತು ವರ್ಷ ನಾನೂ ಅದನ್ನೇ ಹೇಳಿದ್ದು.
ಸಹಿ ಹಾಕಿಸಿ ತಾ."
ಮಾಡಿದ ಕಂಪೆನಿಯೇ ಮುಚ್ಚಿದೆ, ಅಂದೆ.
"ವಾರಸುದಾರರು?"
ಇಲ್ಲ.

ಆರಿಸಿ, ಮತ್ತೆ ಹೊತ್ತಿಸಿ, ಏಳು ಒತ್ತಿದೆ.
ಈ ಸಡಿಲಿಕೆ ಇವತ್ತಿಗೆ ಮಾತ್ರ,
ನಾಳೆ ಮತ್ತೆ ಏಳು.
"ದಿನಗೂಲಿ," ನಕ್ಕರು.

ಬೆಳಗ್ಗಿನಿಂದ ಬೆಂಚಿನಲ್ಲಿದ್ದ ಕೊರಪೊಳು ಎದ್ದು ಬಂದಳು.
ಐದು ಸೆಂಟು ಜಾಗ. ಎಡಗೈ ಹೆಬ್ಬೆಟ್ಟು,
ಬೀಡಿ ಸುತ್ತಿ ಸುತ್ತಿ ಗೆರೆಯೇ ಸವೆದದ್ದು.
ಯಂತ್ರ ಮೂರು ಸಲ ಅನುಮಾನಿಸಿತು.
ಸೆರಗಿಗೆ ಒರೆಸಿ, ಉಗುರು ಬಿಳಿಚುವಷ್ಟು
ಒತ್ತಿ ಹಿಡಿದಳು.

ಹಸಿರು.

ಮಣಿಯಾಣಿಯವರು ಪೆನ್ನಿನ ಮುಚ್ಚಳ ತೆಗೆದರು,
ಹಾಕಿದರು, ತೆಗೆದರು.
ನಾನು ಚೀಲ ಹೆಗಲಿಗೇರಿಸುವಾಗ
ಮೆಲ್ಲಗೆ ಕೇಳಿದರು:
"ರಾತ್ರಿ ಇದನ್ನು ಆರಿಸದೆ
ಹಾಗೇ ಇಟ್ಟರೆ ಆಗದೋ?"