ಗಾಳಿ ಕುಡಿಯುವ ಬಣ್ಣ

ರೀಗಾದಲ್ಲಿ, ನದಿಯಾಚೆ, ಮರದ ಮನೆಯ ಎರಡನೆಯ ಮಹಡಿ.
ಬಾಗಿಲು ಕಾಯಿಸಿ ಆರಿಸಿದ ಹಾಲಿನಂತೆ
ಕೆನೆ ಬಿಟ್ಟಿತ್ತು.
ವೆಲ್ತಾ ಉಗುರು ತೂರಿಸಿ ಎಳೆದಳು:
ಅಂಗೈಯಗಲ, ಮೊಳದುದ್ದ,
ಬಂದೇ ಬಂತು ಬಿಳಿಯ ಚರ್ಮ, ಹಿಡಿಕೆಯ ತೂತಿನ ಸಮೇತ.

ಇಂಗುಸ್ ಬೂಟಿನ ತುದಿ ನೋಡುತ್ತ ನಿಂತ.
ಮಾರ್ಚಿಯಲ್ಲಿ ಬಳಿದವನು ಅವನೇ.
ನೀರಿನ ಬಣ್ಣ, ಘಾಟಿಲ್ಲ, ಗಂಟೆಯೊಳಗೆ ಒಣಗುತ್ತದೆ,
ನೀರು ಕುಡಿದಷ್ಟು ಸಲೀಸು ಅಂದುಕೊಂಡಿದ್ದ.

ಅವಳು ಬೈಯಲಿಲ್ಲ.
ಹತ್ತಿಯುಂಡೆಯನ್ನೂ ಸ್ಪಿರಿಟ್ಟಿನ ಸೀಸೆಯನ್ನೂ ಅವನ ಕೈಗಿಟ್ಟು
ತಾನು ಕಿಟಕಿಯವರೆಗೆ ಸರಿದಳು.
'ಮೇಲಿನದನ್ನು ಉಜ್ಜು.' ಹತ್ತಿ ಬಿಳಿ ಮೆತ್ತಿಕೊಂಡಿತು.
'ಈಗ ಅಡಿಯ ಹಸಿರನ್ನು.' ಹತ್ತಿಗೆ ಬರೀ ಧೂಳು.
'ಜಪ್ಪಯ್ಯ ಅಂದರೂ ಬಿಡುತ್ತಿಲ್ಲವಲ್ಲ, ಅದು ಎಣ್ಣೆಯದು.
ನೀನು ಅದಕ್ಕೆ ಅಂಗಿ ತೊಡಿಸಿದೆ,
ಗುಂಡಿ ಹಾಕಲಿಲ್ಲ.'

ಅವಳು ಕಲಿಯುವಾಗ ಎಣ್ಣೆಯೊಂದೇ.
ಅಗಸೆಯೆಣ್ಣೆ, ಟರ್ಪೆಂಟೈನು, ಪುಡಿ.
ಒಂದು ಕೋಟು ಬಳಿದು ಮರುದಿನ, ಅದರ ಮರುದಿನ
ಕಣ್ಣಿಗೂ ಎಣ್ಣೆ ಬಿಟ್ಟುಕೊಂಡು ಕಾಯಬೇಕು.
ಮನೆಯವರು ಬೆಕ್ಕನ್ನು ಪಕ್ಕದವರಿಗೆ ಒಪ್ಪಿಸಬೇಕು.
ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯುವಂತಿಲ್ಲ,
ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುತ್ತದೆ.
ಒಂದು ಸಲ ಹೊತ್ತಿಯೂ ಇತ್ತು, ನೆಲಮಾಳಿಗೆಯಲ್ಲಿ;
ಹೋದದ್ದು ಅಲ್ವಿಲ್ಸ್‌ನ ಸೈಕಲ್ಲಿನ ಸೀಟು ಮಾತ್ರ.

'ನೀರಿನದು ಒಣಗಿತು ಅಂದರೆ
ನೀರು ಎದ್ದು ಹೋಯಿತು, ಅಷ್ಟೆ.
ಎಣ್ಣೆ ಎಲ್ಲಿಗೂ ಹೋಗುವುದಿಲ್ಲ.
ಕೂತಲ್ಲೇ ಗಾಳಿ ಕುಡಿಯುತ್ತದೆ,
ಕುಡಿದು ಕುಡಿದು ಗಟ್ಟಿಯಾಗುತ್ತದೆ.'
ಹೇಳಿ ಕೆಮ್ಮಿದಳು, ಬಹಳ ಹೊತ್ತು.

ಮೂವತ್ತೊಂದು ವರ್ಷದ ಬಾಗಿಲುಗಳು ಕುಡಿದ ಗಾಳಿಯಲ್ಲಿ
ಅವಳದೆಷ್ಟು, ಯಾರೂ ಲೆಕ್ಕ ಇಟ್ಟಿಲ್ಲ.
ಡಾಕ್ಟರು ಬರೆದುಕೊಟ್ಟದ್ದು ಎರಡೇ ಸಾಲು,
ಎರಡನೆಯದರಲ್ಲಿ ಟರ್ಪೆಂಟೈನಿನ ಹೆಸರಿದೆ.

'ಹಾಗಾದರೆ ಎಣ್ಣೆಯದೇ ತರಲೇ?'
'ಬೇಡ. ಮರಳುಕಾಗದ ತಾ.
ನೀರು ಚಿಮುಕಿಸಿ ಉಜ್ಜು, ಹಳೆಯ ಧೂಳಿನಲ್ಲಿ ಸೀಸವಿರುತ್ತದೆ.
ಹೊಳಪು ಸತ್ತ ಮೇಲೆ ನಡುವೆ ಒಂದು ಪ್ರೈಮರ್,
ಎರಡಕ್ಕೂ ಸಲ್ಲುವಂಥದ್ದು. ಆಮೇಲೆ ನಿನ್ನ ನೀರು.'
(ಎಣ್ಣೆಗೂ ಸೀಗೆಗೂ ಗಂಟು ಹಾಕಿ ನಕ್ಕ ನಮ್ಮವರು
ಈ ಡಬ್ಬಿ ಕಂಡಿರಲಿಲ್ಲ.)

ಬೀರು ಸರಿಸಿದರೆ ಅದರ ಹಿಂದೆ
ಹಲಗೆಗಳ ಎಣ್ಣೆಬಿಳುಪು ಹಳೆಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು.
'ಇದಕ್ಕೂ ಬಳಿಯಲೇ?'
'ಕತ್ತಲಿಗೆ ಹಾಗಾಗಿದೆ. ಬೀರು ಒಂದಷ್ಟು ದಿನ ಆಚೆಗಿರಲಿ,
ಬೆಳಕು ಬಿದ್ದರೆ ತಿಳಿಯಾದೀತು.'

ಅವಳು ಮೆಟ್ಟಿಲ ಮೇಲೆ ಕೂತಳು,
ಸುಲಿದ ಚರ್ಮ ಇನ್ನೂ ಕೈಯಲ್ಲಿ;
ತೂತಿನೊಳಗೆ ಬೆರಳು ತೂರಿಸಿ ತೆಗೆಯುತ್ತ.

ಪ್ರೈಮರ್ ಬಳಿದಾಯಿತು. ಒಳಗೆ ನಲ್ಲಿ ಬಿಟ್ಟ ಸದ್ದು,
ಬ್ರಷ್ಷು ತೊಳೆದ ಸದ್ದು, ನಲ್ಲಿ ನಿಂತ ಸದ್ದು.
'ಇಷ್ಟು ಬೇಗ?' ಎಂದಳು.
ಹೊಟ್ಟೆಕಿಚ್ಚೋ, ಸಮಾಧಾನವೋ,
ಇಂಗುಸ್‌ಗೆ ತಿಳಿಯಲಿಲ್ಲ.