ಮೂರು ಮೊಳ

ನಾನು ಒಮ್ಮೆಯೂ ಕೆಳಗ ಇಳದಾಂವಲ್ಲ.
ಇಪ್ಪತ್ತೆರಡು ವರ್ಷ, ಕಪ್ಪತಗುಡ್ಡದ ಮಗ್ಗಲಿಗೆ
ಈ ತಗಡಿನ ಶೆಡ್ಡಿನಾಗ ಕುಂತು
ಮಂದಿನ್ನ ಇಳಿಸೇನಿ, ಏರಿಸೇನಿ.
ಮುಂದ ಒಂದು ಡ್ರಮ್ಮು, ಒಂದು ಬ್ರೇಕು, ಒಂದು ಗಂಟಿ.
ಒಂದು ಹೊಡೆತಕ್ಕ ನಿಲ್ಲು. ಎರಡಕ್ಕ ಇಳಿಸು.
ಮೂರು ಹೊಡದರ ಒಳಗ ಮಂದಿ ಅದಾರ,
ಮೆತ್ತಗ.

ಮಾರಿ ನೋಡದ ಗುರುತು ಹಿಡೀತೇನಿ, ತೂಕದ ಮ್ಯಾಲೆ.
ಗುದ್ಲೆಪ್ಪ ಹತ್ತಿದರ ಮೀಟರಿನ ಸೂಜಿ ಒಂದು ಗೆರಿ ಜಾಸ್ತಿ ವಾಲತೈತಿ.
ಅವನ ಮಗ ಹೊಸದಾಗಿ ಬಂದ ದಿನ
ಯಾರೋ ಬುತ್ತಿಗಂಟು ಒಂದು ಹೆಚ್ಚಿಗಿ ಇಟ್ಟಾರೇನೋ ಅಂದುಕೊಂಡಿದ್ದೆ.

ಆರು ತಿಂಗಳಿಗೊಮ್ಮೆ ಹಗ್ಗದ ತುದಿ ಕತ್ತರಿಸಬೇಕು, ಕಾಯ್ದೆ.
ಮೂರು ಮೊಳ.
ಫಿಟ್ಟರ್ ಮೌಲಾಸಾಬ ಕಿಲ್ಲೇದಾರ
ಅದನ್ನ ಗೋಣಿತಟ್ಟಿನ ಮ್ಯಾಲೆ ಮಲಗಿಸಿ ಹುರಿ ಹುರಿ ಬಿಚ್ಚತಿದ್ದ,
ನಡುವಿನ ನಾರು ಒಣಗೇತೋ,
ಗ್ರೀಸಿನೊಳಗ ತುಕ್ಕು ಹೊಕ್ಕೈತೋ.
ಉಳಿದ ತುಂಡು ಊರು ಸೇರತಿತ್ತು. ಈಗೂ ನೋಡ್ರಿ,
ಯಾರ್ಯಾರದೋ ಹಿತ್ತಲದಾಗ ಒಂದೊಂದು ಹುರಿ ಮ್ಯಾಲೆ
ಕೂಸಿನ ಅಂಗಿ ಒಣಗತಾವ.

ಹೀಂಗ ಹಗ್ಗ ಗಿಡ್ಡ ಆಗತಿತ್ತು, ಗಣಿ ಆಳ ಆಗತಿತ್ತು.
ಪಂಜರ ತಳ ಮುಟ್ಟಿದಾಗ
ಡ್ರಮ್ಮಿನ ಮ್ಯಾಲೆ ಎಷ್ಟು ಸುತ್ತು ಉಳದಾವ ಅಂತ ಎಣಿಸೂದು ನನ್ನ ಪಾಲು.

ಆ ವರ್ಷ ತಂತಿ ಸುಮ್ಮಸುಮ್ಮನ ಮುರಿಯಾಕ ಹತ್ತಿದವು.
ಹಗ್ಗ ಸಾವಕಾಶ ಬಿಡಬೇಕು, ಮೌಲಾಸಾಬ ಅದಕ್ಕ ಹತ್ತಿ ಹಿಡದು ನಿಂದರತಿದ್ದ.
ಹತ್ತಿ ಎಲ್ಲಿ ಸಿಗಿಬೀಳತೈತೋ
ಅಲ್ಲಿ ಒಂದು ತಂತಿ ಹಲ್ಲು ಕಿಸದಿರತೈತಿ.
ಸೋಮವಾರ ನಾಕು. ಅಮಾಸಿಗೆ ಹನ್ನೊಂದು.
ಹಗ್ಗ ಕೊಟ್ಟ ಕಂಪನಿಗೆ ಕಾಗದ ಹೋತು,
ಇನ್ನೂ ದಪ್ಪನ್ನ ಹಗ್ಗ ಬಂತು.
ಅದು ಇನ್ನೂ ಲಗೂನ ಮುರೀತು.

ಮಗಳ ನಿಶ್ಚಯಕ್ಕ ಬೆಟಗೇರಿಗೆ ಹ್ವಾದ ಮೌಲಾಸಾಬ,
ಕಿಸೆದಾಗ ಆ ತುಂಡು ಇಟ್ಟುಕೊಂಡು. ಯಾಕ ಅಂತ ಕೇಳಬ್ಯಾಡ್ರಿ.
ಬಾಜೂ ಮನಿ ಸಂಕವ್ವ ಕಟ್ಟಿ ಮ್ಯಾಲೆ ಪುಂಡಿನಾರು ಹೊಸಿಯಾಕ ಕುಂತಿದ್ದಳು.
ಹೆಬ್ಬೆರಳಿನಿಂದ ಸವರಿ ನೋಡಿದಳಂತ.
ಭಾರ ಎಷ್ಟು ಅನ್ನಲಿಲ್ಲ, ಆಳ ಎಷ್ಟು ಅನ್ನಲಿಲ್ಲ,
‘ನಿಮ್ಮ ಗಡಗಡಿ ಎಷ್ಟು ಸಣ್ಣದೈತಿ?’ ಅಂದಳು.
‘ಜಗ್ಗಿದರ ಹರಿಯೂದಿಲ್ಲೋ ತಮ್ಮಾ,
ಬಗ್ಗಿ ಬಗ್ಗಿ ಹರೀತೈತಿ.’

ರಾತ್ರಿ ಬಸ್ಸಿಗೇ ಬಂದ. ಮುಂಜಾನೆ ಟೇಪು ಹಿಡದು
ಗೋಪುರದ ತುದಿಗೆ ಏರಿ ಕುಂತಿದ್ದ, ಕಾಗಿ ಹಂಗ.
ಮ್ಯಾಲಿನ ಗಾಲಿ ಹಳೇ ಕಾಲದ್ದು,
ಗಣಿ ಇದರ ಅರ್ಧ ಇದ್ದಾಗ, ಹಗ್ಗ ಸಣಕಲ ಇದ್ದಾಗಿಂದು.
ಸಿಮೆಂಟಿನ ಚೀಲದ ಮ್ಯಾಲೆ ಲೆಕ್ಕ ಬರದ:
ಹಗ್ಗದ ದಪ್ಪದ ಅರವತ್ತರಷ್ಟು ಐತಿ, ನೂರರಷ್ಟು ಬೇಕು.
ಮ್ಯಾನೇಜರು ಚೀಲ ತಿರುವಿ ತಿರುವಿ ನೋಡಿದರು.
ಎಂಟು ದಿನ ಗಣಿ ನಿಲ್ಲತೈತಿ ಅಂದರು.
ಮೌಲಾಸಾಬ ಏನೂ ಅನ್ನಲಿಲ್ಲ. ಅವರ ಮೇಜಿನ ಮ್ಯಾಲೆ
ಹತ್ತಿ ಇಟ್ಟು ಬಂದ.

ಹುಬ್ಬಳ್ಳಿ ಫೌಂಡ್ರಿಯಿಂದ ಲಾರಿ ಬಂತು, ಗಾಲಿ ಎರಡು ಹೋಳು.
ಹಗ್ಗ ಕೂಡೂ ಗಾಡಿಗೆ ಬಡಿಗೇರ ಕಾಳಪ್ಪ ಜಾಲಿ ಕಟ್ಟಿಗಿ ಕೆತ್ತಿ ಕೂಡಿಸಿದ.
ಮೊದಲು ಉಸುಕಿನ ಚೀಲ ಇಳಿಸಿದೆ, ಹದಿನಾರು ಮಂದಿ ತೂಕದ್ದು.
ಉಸುಕು ಗಪ್ಪನ ಕುಂತಿರತೈತಿ, ಸೂಜಿ ಅಳ್ಳಾಡೂದಿಲ್ಲ.
ಮಂದಿ ನಿಂತಾಗ ಅದು ತುಸು ನಡಗತೈತಿ.
ಇಷ್ಟು ವರ್ಷ ಅದನ್ನ ಕರೆಂಟಿನ ದೋಷ ಅಂತ ತಿಳದಿದ್ದೆ.

ಮರುದಿನ ಗಂಟಿ ಬಡೀತು. ಒಂದು. ಎರಡು.
ಮೂರು.
ಬ್ರೇಕಿನ ಮ್ಯಾಲೆ ನನ್ನ ಕೈ ಬೆವತಿತ್ತು.

ರಿಜಿಸ್ಟರಿನಾಗ ಒಂದ ಸಾಲು ಐತಿ: ‘ಗಾಲಿಯ ವ್ಯಾಸವನ್ನು ಹೆಚ್ಚಿಸಲಾಗಿದೆ.’
ಆರು ತಿಂಗಳಿಗೆ ಮತ್ತ ಮೂರು ಮೊಳ ಕತ್ತರಿಸಿದಿವಿ.
ಬಿಚ್ಚಿದರ ಒಳಗ ತಂತಿ ಎಲ್ಲಾ ಮಿಣಮಿಣ.
ಅದರಾಗ ಒಂದು ಹುರಿ ಸಂಕವ್ವಗ ಒಯ್ದು ಕೊಟ್ಟ ಮೌಲಾಸಾಬ.
ಆಕಿ ಹಿಂಗ ತಿರುವಿ, ಹಂಗ ತಿರುವಿ, ಒಗದಳಂತ:
‘ಗಂಟು ಬೀಳೂದಿಲ್ಲ. ಇದೇನು ಹಗ್ಗೋ?’